ಆಯ, ಖಾತ್ರಿ, ವಾರಂಟಿ

ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಭೂಮಿತಾಯಿಗೆ ಚರಗ (ನೈವೇದ್ಯ) ಚೆಲ್ಲಲು ಊರಿಗೆ ಹೋಗಿದ್ದೆವು. ಹೊಲದಿಂದ ಮರಳಿ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅಪ್ಪ ಇಳಿದವರು ಒಳಗೆ ಹೋಗಲಿಲ್ಲ. ಎಡಗಡೆಯ ಮುಂದಿನ ಗಾಲಿಯ ಬಳಿ ಬಗ್ಗಿ, ಟೈರಿನ ಪಕ್ಕೆಯ ಮೇಲೆ ಹೆಬ್ಬೆರಳು ಊರಿ ಸ್ವಲ್ಪ ಹೊತ್ತು ಒತ್ತಿ ಹಿಡಿದರು. ದಿನವೂ ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕುಳಿತು ತಮ್ಮ ಪಾದಗಳನ್ನು ಅವರು ಒತ್ತಿ ನೋಡಿಕೊಳ್ಳುವುದೂ ಹೀಗೆಯೇ. ಡಾಕ್ಟರು ಹೇಳಿಕೊಟ್ಟಿದ್ದಾರೆ.

"ತಮ್ಮಾ, ಇದು ಬಾತಿದೆ" ಅಂದರು.

ಅರ್ಧ ಹೋಳು ನಿಂಬೆಹಣ್ಣನ್ನು ರಬ್ಬರಿನ ಕೆಳಗೆ ಇಟ್ಟು ಮುಚ್ಚಿದಂತೆ ಉಬ್ಬಿತ್ತು. ಹತ್ತು ದಿನಗಳ ಹಿಂದೆ, ಮಳೆಯ ರಾತ್ರಿ, ನಗರದ ಒಂದು ರಸ್ತೆಯಲ್ಲಿ ನೀರು ತುಂಬಿ ಮುಚ್ಚಿಹೋಗಿದ್ದ ತಗ್ಗಿಗೆ ಗಾಲಿ ಇಳಿದಿತ್ತು. ಹಲ್ಲು ಕಚ್ಚುವಂಥ ಸದ್ದು ಬಂದಿತ್ತು. ಇಳಿದು ನೋಡಿದಾಗ ಹವಾ ಹೋಗಿರಲಿಲ್ಲ, ರಿಮ್ಮು ಸೊಟ್ಟಗಾಗಿರಲಿಲ್ಲ. ಬಚಾವಾದೆ ಎಂದುಕೊಂಡು ಮರೆತುಬಿಟ್ಟಿದ್ದೆ. ಆ ಹತ್ತು ದಿನಗಳಲ್ಲಿ ಅಪ್ಪನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದೆ. ಶಿರಗುಪ್ಪಿ, ನಲವಡಿ ದಾಟಿ ನೇರವಾದ ಗದಗ ರಸ್ತೆಯಲ್ಲಿ ತೊಂಬತ್ತರ ವೇಗದಲ್ಲಿ ಕಾರು ಓಡಿಸಿದ್ದೆ. ಅದನ್ನು ನೆನೆದು ಆ ಸಂಜೆ ಕಟ್ಟೆಯ ಮೇಲೆ ಕುಳಿತವನಿಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಹುಬ್ಬಳ್ಳಿಯ ನವನಗರದ ಮನೆಗೆ ಬಂದೆ. ಮರುದಿನ ನಾವು ಯಾವಾಗಲೂ ಹೋಗುವ ಪಂಕ್ಚರ್ ಅಂಗಡಿಯ ಚಾಚಾ ಆ ಟೈರನ್ನು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸಿದರು. ಇದಕ್ಕೆ ಪ್ಯಾಚ್ ಇಲ್ಲ, ಅಂಟು ಇಲ್ಲ, ಮದ್ದೇ ಇಲ್ಲ ಎಂದರು. ರಸ್ತೆಗೆ ತಾಗುವ ಭಾಗದ ಕೆಳಗೆ ಉಕ್ಕಿನ ತಂತಿಯ ಪಟ್ಟಿಗಳಿರುತ್ತವೆ. ಮೊಳೆ ಚುಚ್ಚಿದರೆ ಅಲ್ಲಿ ದುರಸ್ತಿ ನಡೆಯುತ್ತದೆ. ಪಕ್ಕೆಯಲ್ಲಿ ಅಂಥ ರಕ್ಷಣೆಯಿಲ್ಲ. ತೆಳು ರಬ್ಬರು, ಅದರೊಳಗೆ ಒತ್ತೊತ್ತಾಗಿ ಸಾಲುಗಟ್ಟಿದ ದಾರದ ಎಳೆಗಳು, ಅಷ್ಟೇ. ತಗ್ಗಿನ ಅಂಚಿಗೂ ರಿಮ್ಮಿಗೂ ನಡುವೆ ಪಕ್ಕೆ ಸಿಕ್ಕಿ ಜಜ್ಜಿದಾಗ ಎಳೆಗಳು ಹರಿಯುತ್ತವೆ, ರಬ್ಬರು ಹರಿಯುವುದಿಲ್ಲ. ಒಳಗಿನ ಹವಾ ಆ ಬಲವಿಲ್ಲದ ಜಾಗದಲ್ಲಿ ರಬ್ಬರನ್ನು ಹೊರಗೆ ನೂಕುತ್ತದೆ. ಬಿಸಿಲು, ವೇಗ, ಭಾರ ಮೂರೂ ಕೂಡಿದ ದಿನ ಅದು ಒಡೆಯುತ್ತದೆ.

ಆ ಟೈರಿಗೆ ಎರಡೇ ವರ್ಷ. ಮುಂದಿನ ಜೋಡಿಯನ್ನು 2023ರಲ್ಲಿ ಬದಲಿಸಿದ್ದೆ. ಆಗ ಅಂಗಡಿಯವರು ಕೌಂಟರಿನ ಮೇಲೆ ಕೈ ಬಡಿದು "ಸರ್, ಐದು ವರ್ಷ ಫುಲ್ ವಾರಂಟಿ" ಎಂದಿದ್ದರು. ಆ ಮಾತನ್ನು ನಂಬಿ ಟೈರನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಅಲ್ಲಿಗೇ ಹೋದೆ. ಬಿಲ್ಲು ಕಾರಿನ ಡ್ರಾಯರಿನಲ್ಲಿತ್ತು, ಆದರೆ ಅದರ ಮೇಲೆ ಅಕ್ಷರವೇ ಇರಲಿಲ್ಲ. ಬಿಸಿ ತಾಗಿದರೆ ಅಳಿಸಿಹೋಗುವ ನುಣುಪು ಕಾಗದ. ಎರಡು ಬೇಸಿಗೆಯ ಬಿಸಿಲಿಗೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಮೊಬೈಲ್ ಸಂಖ್ಯೆ ಹಾಕಿ ಅವರ ಕಂಪ್ಯೂಟರಿನಲ್ಲಿ ಹುಡುಕಿದ ಮೇಲೆ ಖರೀದಿಯ ದಾಖಲೆ ಸಿಕ್ಕಿತು. ಅರ್ಜಿ ತುಂಬಿಸಿಕೊಂಡರು. ಕಂಪನಿಯ ತಪಾಸಣೆಯವರು ಬಂದು ನೋಡುವವರೆಗೆ ಕಾಯಬೇಕು ಎಂದರು.

ಅವರು ಬಂದ ದಿನ ನಾನೂ ಹೋಗಿದ್ದೆ. ತರುಣ, ಮಾತು ಕಡಿಮೆ. ಟೈರಿನ ಒಳಮೈಗೆ ದೀಪ ಹಿಡಿದು, ಉಬ್ಬಿನ ಹಿಂಭಾಗದಲ್ಲಿ ಉಗುರಿನಿಂದ ಗೀರಿದಷ್ಟು ಸಣ್ಣ ಗೆರೆಯನ್ನು ನನಗೂ ತೋರಿಸಿದ. ಜಜ್ಜಿದ ಗುರುತು. ಚೀಟಿಯಲ್ಲಿ "ಹೊರಗಿನ ಪೆಟ್ಟು, ತಯಾರಿಕೆಯ ದೋಷವಲ್ಲ" ಎಂದು ಬರೆದು ಸಹಿ ಮಾಡಿದ. ಅರ್ಜಿ ತಿರಸ್ಕೃತವಾಯಿತು.

ಸಿಟ್ಟು ಬಂದದ್ದು ನಿಜ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡೋಣ ಎಂದುಕೊಂಡೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಮನೆಗೆ ಬಂದು ವಾರಂಟಿಯ ಷರತ್ತುಗಳನ್ನು ಮೊದಲ ಸಲ ಕುಳಿತು ಓದಿದಾಗ, ಆ ಹುಡುಗ ಬರೆದದ್ದರಲ್ಲಿ ಸುಳ್ಳಿಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ತಪ್ಪಿದ್ದು ಕೌಂಟರಿನ ಮೇಲೆ ಬಡಿದು ಹೇಳಿದ ಆ ಮಾತಿನಲ್ಲಿ, ಮತ್ತು ಅದನ್ನು ಕೇಳಿ ಮುಂದೇನೂ ಕೇಳದೆ ದುಡ್ಡು ಎಣಿಸಿಕೊಟ್ಟ ನನ್ನಲ್ಲಿ.

ಟೈರಿನ ವಾರಂಟಿ ಸಾಮಾನ್ಯವಾಗಿ ಒಪ್ಪಿಕೊಳ್ಳುವುದು ಕಾರ್ಖಾನೆಯಲ್ಲಿ ಆದ ತಪ್ಪನ್ನು ಮಾತ್ರ. ಪದರ ಬಿಟ್ಟುಕೊಳ್ಳುವುದು, ಜೋಡಣೆ ಸರಿಯಿಲ್ಲದಿರುವುದು, ಇಂಥವು. ತಗ್ಗಿನ ಪೆಟ್ಟು, ಕಲ್ಲಿನ ಕೊಯ್ತ, ಹವಾ ಕಡಿಮೆಯಿಟ್ಟು ಓಡಿಸಿದ್ದು, ಅಲೈನ್‌ಮೆಂಟ್ ತಪ್ಪಿ ಒಂದೇ ಕಡೆ ಸವೆದದ್ದು ಇದಕ್ಕೆ ಸೇರುವುದಿಲ್ಲ. ನಮ್ಮ ರಸ್ತೆಗಳಲ್ಲಿ ಟೈರುಗಳು ಹಾಳಾಗುವುದೇ ಹೆಚ್ಚಾಗಿ ಈ ಕಾರಣಗಳಿಂದ. ಇನ್ನು, ಅರ್ಜಿ ಒಪ್ಪಿದರೂ ಪೂರ್ತಿ ಟೈರು ಸಿಗುವುದು ಅಪರೂಪ. ಹೊಸ ಟೈರಿನಲ್ಲಿ ರಸ್ತೆಗೆ ತಾಗುವ ಭಾಗದ ತೋಡು ಸುಮಾರು 8 ಮಿಲಿಮೀಟರ್ ಆಳವಿರುತ್ತದೆ. 1.6 ಮಿಲಿಮೀಟರಿಗೆ ಬಂದರೆ ಕಾನೂನಿನ ಪ್ರಕಾರ ಟೈರಿನ ಆಯುಸ್ಸು ಮುಗಿಯಿತು. ನಡುವಿನ 6.4 ಮಿಲಿಮೀಟರ್ ಮಾತ್ರ ಬಳಕೆಯ ಲೆಕ್ಕಕ್ಕೆ ಬರುತ್ತದೆ. ನನ್ನದು 4.8ಕ್ಕೆ ಇಳಿದಿತ್ತು, ಅಂದರೆ ಅರ್ಧ ಬಳಸಿದ್ದೆ. ದೋಷ ಕಾರ್ಖಾನೆಯದೇ ಆಗಿದ್ದರೂ ಅರ್ಧ ಬೆಲೆ ಸಿಗುತ್ತಿತ್ತು, ಅದೂ ಅದೇ ಕಂಪನಿಯ ಹೊಸ ಟೈರಿನ ಮೇಲಿನ ರಿಯಾಯಿತಿಯಾಗಿ. ಹೊಸ ಕಾರು ಕೊಂಡವರಿಗೂ ಒಂದು ಮಾತು: ಕಾರಿನ ವಾರಂಟಿಯಲ್ಲಿ ಟೈರು ಸೇರಿರುವುದಿಲ್ಲ, ಅದಕ್ಕೆ ಟೈರು ಕಂಪನಿಯದೇ ಪ್ರತ್ಯೇಕ ವಾರಂಟಿ. ಈಚೆಗೆ ಕೆಲವು ಕಂಪನಿಗಳು ಆಯ್ದ ಮಾದರಿಗಳಿಗೆ ರಸ್ತೆಯ ಪೆಟ್ಟಿಗೂ ಸ್ವಲ್ಪ ಕಾಲ ರಕ್ಷಣೆ ಕೊಡುತ್ತಿವೆ. ಆದರೆ ಕೊಂಡ ಕೆಲವೇ ದಿನಗಳಲ್ಲಿ ಹೆಸರು ನೋಂದಾಯಿಸಬೇಕೆಂಬ ಷರತ್ತು ಅಲ್ಲಿರುತ್ತದೆ. ಅಂಗಡಿಯಲ್ಲಿ ಅದನ್ನು ನಾವೇ ಕೇಳಬೇಕು.

ಈ ಕಥೆಯನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಾಡಿದವನಿಗೂ ನಿನಗೂ ವರ್ಷಕ್ಕೆ ಒಂದು ಸಲವಾದರೂ ಭೇಟಿ ಇದೆಯೇನು?"

ಅವರ ಮನಸ್ಸಿನಲ್ಲಿದ್ದದ್ದು ನಮ್ಮ ಮನೆಯ ಚಕ್ಕಡಿ. ನಾನು ಸಣ್ಣವನಿದ್ದಾಗ ಊರ ಬಡಿಗ ಜಾಲಿಯ ಕಟ್ಟಿಗೆಯಲ್ಲಿ ಗಾಲಿ ಮಾಡುತ್ತಿದ್ದ. ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ದಿನ ಮಕ್ಕಳಾದ ನಾವು ಕುಲುಮೆಯ ಹತ್ತಿರವೇ ಇರುತ್ತಿದ್ದೆವು. ಪಟ್ಟಿಯ ಸುತ್ತಳತೆ ಗಾಲಿಗಿಂತ ಸ್ವಲ್ಪ ಕಡಿಮೆ. ಕುಳ್ಳು ಒಟ್ಟಿ ಬೆಂಕಿ ಹಾಕಿ ಅದರಲ್ಲಿ ಪಟ್ಟಿಯನ್ನು ಕೆಂಪಗೆ ಕಾಯಿಸುತ್ತಿದ್ದರು. ಕಾಯ್ದ ಕಬ್ಬಿಣ ಹಿಗ್ಗಿದಾಗ ಮೂರು ನಾಲ್ಕು ಜನ ಇಕ್ಕಳದಿಂದ ಎತ್ತಿ ನೆಲದ ಮೇಲೆ ಮಲಗಿಸಿದ ಗಾಲಿಗೆ ತೊಡಿಸಿ, ಸುತ್ತಿಗೆಯಿಂದ ಕೂರಿಸಿ, ಕಟ್ಟಿಗೆ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ಹಬೆ ಏಳುತ್ತಿತ್ತು. ಕಬ್ಬಿಣ ಕುಗ್ಗುತ್ತ ಹೋದಂತೆ ಗಾಲಿಯ ಕೀಲುಗಳೆಲ್ಲ ಒಂದರೊಳಗೊಂದು ಬಿಗಿದುಕೊಳ್ಳುವ ಕಟಕಟ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ಬಡಿಗ ಕಿವಿ ಕೊಟ್ಟು ನಿಂತಿರುತ್ತಿದ್ದ. ಸರಿಯೆನಿಸದಿದ್ದರೆ ಎಲ್ಲವೂ ಮತ್ತೆ ಮೊದಲಿಂದ.

ಅವನಿಗೆ ಕೊಡುತ್ತಿದ್ದದ್ದು ಆಯ. ಸುಗ್ಗಿಯಲ್ಲಿ ರಾಶಿ ಮಾಡಿದಾಗ ಕಣದಲ್ಲಿಯೇ ಬಡಿಗನ ಪಾಲು, ಕಂಬಾರನ ಪಾಲು ಎಂದು ಜೋಳ ಅಳೆದು ಕೊಡುವುದು. ಅದಕ್ಕೆ ಬದಲಾಗಿ ವರ್ಷವಿಡೀ ಅವರು ಕೂರಿಗೆ, ಕುಂಟೆ, ಗಾಲಿಗಳನ್ನು ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಪಟ್ಟಿ ಸಡಿಲಾದರೆ, ದೋಷ ಯಾರದು ಎಂಬ ತಪಾಸಣೆ ಇರಲಿಲ್ಲ. ಗಾಲಿ ಕೆಟ್ಟರೆ ರಾಶಿ ಮನೆಗೆ ಬರುವುದಿಲ್ಲ, ರಾಶಿ ಬಾರದಿದ್ದರೆ ಅವನ ಪಾಲೂ ಬರುವುದಿಲ್ಲ. ಗಾಲಿ ಮಾಡಿದವನ ಊಟ ಗಾಲಿಯ ಮೇಲೆಯೇ ನಿಂತಿತ್ತು. ಆ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಹುಟ್ಟಿದ ಜಾತಿಗೆ ಒಬ್ಬನ ಕೈಗಳನ್ನು ಕಟ್ಟಿಹಾಕಿ, ಎಷ್ಟು ಕೊಟ್ಟರೂ ಸುಮ್ಮನಿರಬೇಕಾದ ಸ್ಥಿತಿಯಲ್ಲಿ ಇಟ್ಟ ವ್ಯವಸ್ಥೆ ಅದು. ಅವನ ಮಕ್ಕಳು ಬೇರೆ ಉದ್ಯೋಗ ಹಿಡಿದದ್ದು ಒಳ್ಳೆಯದೇ ಆಯಿತು. ಆದರೂ ಅಪ್ಪನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಟೈರು ಕೆಟ್ಟರೆ ಯಾರಿಗಾದರೂ ಏನಾದರೂ ನಷ್ಟವಿದೆಯೇ? ನಾನು ಹೋಗಿ ಎದುರಿಗೆ ನಿಂತು ಕೇಳಬಹುದಾದ ಮುಖ ಹುಬ್ಬಳ್ಳಿಯಲ್ಲಿ ಇದೆಯೇ? ಕಂಪನಿಯ ಹೆಸರಿಗಿಂತ ಮೊದಲು ಇದನ್ನು ಕೇಳಬೇಕು ಎಂದು ನಿರ್ಧರಿಸಿದೆ.

ಹೆಸರಿನ ಬಗ್ಗೆ ನಮ್ಮ ಕಡೆ ಅಭಿಪ್ರಾಯಗಳಿಗೆ ಬರವಿಲ್ಲ. ಎಂಆರ್‌ಎಫ್ ಗಟ್ಟಿ, ಮಿಷೆಲಿನ್ ಮೃದು, ಬ್ರಿಜ್‌ಸ್ಟೋನ್ ಸದ್ದು ಮಾಡುವುದಿಲ್ಲ, ಹೀಗೆ ಪ್ರತಿ ಚಹಾದಂಗಡಿಯಲ್ಲಿ ಒಂದೊಂದು ತೀರ್ಪು ಸಿದ್ಧವಿರುತ್ತದೆ. ಮೈಸೂರಿನ ವಿಕ್ರಾಂತ್ ನಮ್ಮದೇ ಎಂಬ ಅಭಿಮಾನ ಅಪ್ಪನ ಪೀಳಿಗೆಯವರಿಗೆ ಇನ್ನೂ ಇದೆ. 1997ರಲ್ಲಿ ಅದು ಜೆಕೆ ಟೈರ್‌ನವರ ಕೈಗೆ ಹೋಯಿತೆಂದು ಹೇಳಿದರೆ ಇಂದಿಗೂ ಅವರ ಮುಖ ಸಣ್ಣದಾಗುತ್ತದೆ. 1946ರಲ್ಲಿ ಮದ್ರಾಸಿನಲ್ಲಿ ಆಟದ ಬಲೂನು ಮಾಡಲು ಶುರುವಾದ ಎಂಆರ್‌ಎಫ್ ಈಗ ಗೋವಾದ ಫೋಂಡಾದ ಹತ್ತಿರವೂ ಕಾರ್ಖಾನೆ ಇಟ್ಟುಕೊಂಡಿದೆ, ನಮಗೆ ಘಟ್ಟ ಇಳಿದರೆ ಸಿಗುವಷ್ಟು ಸಮೀಪ. ಸಿಯೆಟ್‌ ಎಂಬ ಹೆಸರಿನ ಕೊನೆಯ ಅಕ್ಷರ ಇಟಲಿಯ ಟೊರಿನೊ ಪಟ್ಟಣದ್ದು. ಇವೆಲ್ಲ ತಿಳಿದಿರಲು ಚೆಂದ, ಆದರೆ ನನ್ನ ಕಾರಿಗೆ ಯಾವುದು ಸರಿ ಎಂದು ಇವು ಹೇಳುವುದಿಲ್ಲ. ಒಂದೇ ಕಂಪನಿ ಒಂದೇ ಅಳತೆಯಲ್ಲಿ ಎರಡು ಮೂರು ಮಾದರಿ ಮಾಡುತ್ತದೆ: ಒಂದು ಹೆಚ್ಚು ಕಿಲೋಮೀಟರ್ ಬಾಳಲೆಂದು, ಒಂದು ಒದ್ದೆ ರಸ್ತೆಯಲ್ಲಿ ಹಿಡಿತ ಇರಲೆಂದು, ಮತ್ತೊಂದು ಪೆಟ್ರೋಲ್ ಉಳಿಸಲೆಂದು. ಮೂರನ್ನೂ ಒಂದೇ ರಬ್ಬರಿನಲ್ಲಿ ಪೂರ್ತಿಯಾಗಿ ಕೂಡಿಸುವುದು ಕಷ್ಟ. ಬಹಳ ಬಾಳುವ ಗಟ್ಟಿ ರಬ್ಬರಿಗೆ ಒದ್ದೆಯಲ್ಲಿ ಹಿಡಿತ ಕಡಿಮೆ. ಹಾಗಾಗಿ ಕಂಪನಿಗಿಂತ ಮಾದರಿ ಮುಖ್ಯ, ಮಾದರಿಗಿಂತ ನಾವು ಓಡಾಡುವ ದಾರಿ ಮುಖ್ಯ.

ನನ್ನ ದಾರಿ ಎರಡು ಬಗೆಯದು. ದಿನವೂ ನವನಗರದಿಂದ ಧಾರವಾಡಕ್ಕೆ ಪಿ.ಬಿ. ರಸ್ತೆ, ಚಿಗರಿ ಬಸ್ಸಿನ ಪಥದ ಪಕ್ಕ. ತಿಂಗಳಿಗೆ ಎರಡು ಸಲ ಅಣ್ಣಿಗೇರಿ ಕಡೆಯ ನಮ್ಮ ಹಳ್ಳಿ. ಈ ಎರಡನೆಯ ದಾರಿಯನ್ನು ಎರೆ (ಕಪ್ಪು ಮಣ್ಣಿನ) ಸೀಮೆಯವರಲ್ಲದವರಿಗೆ ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ಹೊಲದಿಂದ ಏರಿ ಬರುವ ಟ್ರ್ಯಾಕ್ಟರುಗಳು ಗಾಲಿಗೆ ಮೆತ್ತಿದ ಎರೆಮಣ್ಣನ್ನು ಡಾಂಬರಿನ ಮೇಲೆ ಉದ್ದಕ್ಕೂ ಸವರಿಕೊಂಡು ಹೋಗುತ್ತವೆ. ಅದರ ಮೇಲೆ ತುಂತುರು ಬಿದ್ದರೆ ಎಣ್ಣೆ ಚೆಲ್ಲಿದಂತೆ. ಅಲ್ಲಿ ನನಗೆ ಬೇಕಾದದ್ದು ಹಿಡಿತ. ಐವತ್ತು ಸಾವಿರ ಓಡುತ್ತದೋ ಅರವತ್ತೋ ಎಂಬುದು ಆಮೇಲಿನ ಮಾತು.

ಹಿಡಿತದ ಪಾಠ ಕಲಿತದ್ದು ಅರಬೈಲ್ ಘಟ್ಟದಲ್ಲಿ. ಎರಡು ಹೊಸ ಟೈರು ಹಾಕಿಸಿದಾಗ, ಎಲ್ಲ ಅಂಗಡಿಗಳ ರೂಢಿಯಂತೆ ಅವನ್ನು ಮುಂದೆಯೇ ಹಾಕಿದ್ದರು, 2018ರ ಹಳೆಯ ಜೋಡಿ ಹಿಂದೆ. ಎಂಜಿನ್ ಎಳೆಯುವುದು ಮುಂದಿನ ಗಾಲಿಗಳನ್ನು, ಹಾಗಾಗಿ ಹೊಸದು ಮುಂದೆ ಎಂಬ ತರ್ಕ ನನಗೂ ಸರಿಯೆನಿಸಿತ್ತು. ಮರುವರ್ಷ ಜುಲೈನಲ್ಲಿ ಅಂಕೋಲೆಗೆ ಇಳಿಯುವಾಗ ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ತಾನಾಗಿಯೇ ಹೊರಗೆ ಸರಿಯಿತು. ಎದುರಿಗೆ ಲಾರಿ ಇರಲಿಲ್ಲ, ಅದರಿಂದ ಈಗ ಬರೆಯುತ್ತಿದ್ದೇನೆ. ಮುಂದಿನ ಗಾಲಿ ಜಾರಿದರೆ ವೇಗ ಇಳಿಸಿ ಕಾರನ್ನು ಮತ್ತೆ ಹಿಡಿತಕ್ಕೆ ತರಬಹುದು. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ, ನಮ್ಮಂಥ ಸಾಮಾನ್ಯ ಚಾಲಕರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎರಡೇ ಹೊಸ ಟೈರು ಕೊಳ್ಳುವುದಾದರೆ ಅವನ್ನು ಹಿಂದೆ ಹಾಕಿಸಿ ಎಂದು ಟೈರು ತಯಾರಕರೇ ಹೇಳುತ್ತಾರೆ. ಅಂಗಡಿಯಲ್ಲಿ ವಾದ ಮಾಡಬೇಕಾಗಿ ಬಂದರೂ ಹಾಗೆಯೇ ಹಾಕಿಸಿಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಆ ಹಿಂದಿನ ಜೋಡಿಗೆ ಆಗಲೇ ಏಳು ವರ್ಷವಾಗಿತ್ತು. ನೋಡಲು ತೋಡು ಇನ್ನೂ ಮೂರು ಮಿಲಿಮೀಟರ್ ಇತ್ತು. "ಇನ್ನೊಂದು ವರ್ಷ ಆರಾಮಾಗಿ ಓಡುತ್ತವೆ" ಎಂದರು ಪಕ್ಕದ ಮನೆಯವರು. ನಾನು ಪಾರ್ಕಿಂಗಿನಲ್ಲಿ ಚೀಲ ಹಾಸಿ ಮಲಗಿ, ಮೊಬೈಲ್ ದೀಪ ಹಿಡಿದು ಒಳಪಕ್ಕೆಯನ್ನು ಹುಡುಕಿದೆ. ತಯಾರಿಕೆಯ ದಿನಾಂಕ ಅನೇಕ ಸಲ ಒಂದೇ ಪಕ್ಕೆಯಲ್ಲಿರುತ್ತದೆ, ಅದು ಒಳಗಡೆಗೆ ಬಂದಿದ್ದರೆ ಹೀಗೆ ಮಲಗಿಯೇ ನೋಡಬೇಕು. ಕೆಸರು ಒರೆಸಿದಾಗ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ 2318 ಎಂದಿತ್ತು. 2018ರ 23ನೆಯ ವಾರ. ಅದರ ಸುತ್ತಲೂ ರಬ್ಬರಿನಲ್ಲಿ ಎರೆಹೊಲ ಬೇಸಿಗೆಯಲ್ಲಿ ಬಿರಿದಂತೆ ಸಣ್ಣ ಸಣ್ಣ ಬಿರುಕುಗಳು. ಓಡದೆ ನಿಂತರೂ ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿ, ಬಿಸಿಲು, ಕಾವು ಅದನ್ನು ಗಡುಸು ಮಾಡುತ್ತವೆ. ಐದು ವರ್ಷ ದಾಟಿದ ಮೇಲೆ ಪ್ರತಿವರ್ಷ ತಪಾಸಣೆ ಮಾಡಿಸಬೇಕು, ಹತ್ತು ವರ್ಷಕ್ಕೆ ತೋಡು ಎಷ್ಟೇ ಉಳಿದಿದ್ದರೂ ತೆಗೆಯಬೇಕು ಎಂಬುದು ದೊಡ್ಡ ತಯಾರಕರ ಸಲಹೆ. ಬಿರುಕು ಕಂಡ ಮೇಲೆ ಹತ್ತಕ್ಕೆ ಕಾಯುವ ಧೈರ್ಯ ನನಗಿರಲಿಲ್ಲ. ನಾಲ್ಕೂ ಹೊಸದು ಹಾಕಿಸುವುದು, ಮುಂದಿನ ಜೋಡಿಯಲ್ಲಿ ಉಳಿದ ಒಳ್ಳೆಯ ಟೈರನ್ನು ಸ್ಟೆಪ್ನಿ ಮಾಡಿಕೊಳ್ಳುವುದು ಎಂದು ತೀರ್ಮಾನಿಸಿದೆ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದದ್ದು ಈ ತೀರ್ಮಾನಕ್ಕೆ ಸ್ವಲ್ಪ ಬಲ ಕೊಟ್ಟಿತು.

ಗೋಕುಲ ರಸ್ತೆ, ಪಿ.ಬಿ. ರಸ್ತೆ ಸೇರಿ ಮೂರು ಅಂಗಡಿ ತಿರುಗಿದೆ. ನನ್ನ ಅಳತೆ 165/80 ಆರ್14, 85ಟಿ. ಅಂದರೆ 165 ಮಿಲಿಮೀಟರ್ ಅಗಲ, ಪಕ್ಕೆಯ ಎತ್ತರ ಅಗಲದ ನೂರಕ್ಕೆ ಎಂಬತ್ತು, 14 ಇಂಚಿನ ರಿಮ್ಮು, 85 ಎಂದರೆ ಒಂದೊಂದು ಟೈರಿಗೆ 515 ಕಿಲೋ ಹೊರುವ ಶಕ್ತಿ, ಟಿ ಎಂಬುದು ವೇಗದ ಮಿತಿಯ ಗುರುತು. ಎತ್ತರದ ಪಕ್ಕೆ ತಗ್ಗಿಗೆ ಒಳ್ಳೆಯದು, ಪೆಟ್ಟು ನುಂಗಿಕೊಳ್ಳುತ್ತದೆ. ಮೊದಲ ಅಂಗಡಿಯವರು ಅಗಲದ ಟೈರು ಹಾಕಿಸಿ, ಕಾರಿಗೆ ಕಳೆ ಬರುತ್ತದೆ ಎಂದರು, ಬೇಡವೆಂದೆ. ಎರಡನೆಯ ಅಂಗಡಿಯಲ್ಲಿ ಒಳ್ಳೆಯ ರಿಯಾಯಿತಿ ಇತ್ತು. ಟೈರು ತಿರುಗಿಸಿ ನೋಡಿದರೆ 1423, ಎರಡೂವರೆ ವರ್ಷ ಗೋದಾಮಿನಲ್ಲಿ ಕುಳಿತದ್ದು.

ಮೂರನೆಯ ಅಂಗಡಿಯವರಿಗೆ ನಾನು ಬೆಲೆ ಕೇಳುವ ಮೊದಲು ಕೇಳಿದೆ: ತಕರಾರು ಬಂದರೆ ಯಾರು ನೋಡುತ್ತಾರೆ, ಎಲ್ಲಿ, ಎಷ್ಟು ದಿನ? ಆ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಯಾರಿಕೆಯ ದೋಷವಾದರೆ ತಪಾಸಣೆಯವರು ಹುಬ್ಬಳ್ಳಿಗೇ ಬರುತ್ತಾರೆ, ಉಳಿದ ತೋಡಿನ ಲೆಕ್ಕದಲ್ಲಿ ರಿಯಾಯಿತಿ ಸಿಗುತ್ತದೆ, ತಗ್ಗಿಗೆ ಬಿದ್ದು ಉಬ್ಬಿದರೆ ಏನೂ ಸಿಗುವುದಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ತಿರಸ್ಕೃತವಾದ ಎರಡು ಅರ್ಜಿಗಳ ಚೀಟಿಗಳನ್ನೂ ತೆಗೆದು ತೋರಿಸಿದರು. ಸಿಗುವುದಿಲ್ಲ ಎಂಬ ಮಾತನ್ನು ಮಾರುವವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅವರಲ್ಲಿದ್ದ ದಾಸ್ತಾನು 3225, ಆಗಸ್ಟಿನದು. ಒಂದಕ್ಕೆ ಐದು ಸಾವಿರದ ಆಸುಪಾಸು; ಎರಡನೆಯ ಅಂಗಡಿಗಿಂತ ನಾನೂರು ಹೆಚ್ಚು. ಅಲ್ಲಿಯೇ ಕೊಂಡೆ. ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ನಿಮ್ಮ ಅಳತೆಯಲ್ಲಿ, ನಿಮ್ಮ ಊರಿನಲ್ಲಿ, ಹೊಸ ದಾಸ್ತಾನು ಮತ್ತು ಇಂಥ ಮನುಷ್ಯ ಬೇರೆ ಹೆಸರಿನ ಫಲಕದ ಕೆಳಗೆ ಸಿಗಬಹುದು. ನಾಲ್ಕೂ ಟೈರಿನ ಸಂಖ್ಯೆಗಳನ್ನು ಬಿಲ್ಲಿನಲ್ಲಿ ಬರೆಸಿಕೊಂಡೆ, ಬಿಲ್ಲಿನ ಫೋಟೊ ತೆಗೆದೆ, ಫೋಟೊವನ್ನು ಹೆಂಡತಿಯ ಮೊಬೈಲಿಗೂ ಕಳಿಸಿದೆ. ಬಿಲ್ಲು ಇಲ್ಲದಿದ್ದರೆ ವಾರಂಟಿಯ ದಿನಗಳನ್ನು ತಯಾರಿಕೆಯ ವಾರದಿಂದಲೇ ಎಣಿಸುವುದುಂಟು.

ಟೈರು ಕೂರಿಸುವಾಗ ನಾನು ಪಕ್ಕದಲ್ಲಿಯೇ ನಿಂತಿದ್ದೆ. ಹುಡುಗ ರಿಮ್ಮಿನ ಅಂಚಿಗೆ ಸಾಬೂನು ನೀರು ಸವರಿ, ಪಕ್ಕೆಯ ಮೇಲಿನ ಹಳದಿ ಚುಕ್ಕೆಯನ್ನು ಹವಾ ತುಂಬುವ ವಾಲ್ವಿನ ನೇರಕ್ಕೆ ತಂದ. ಟೈರಿನ ಅತಿ ಹಗುರ ಜಾಗ ಅದು, ವಾಲ್ವಿನ ತೂಕಕ್ಕೆ ಸರಿದೂಗಲೆಂದು. ಹವಾ ತುಂಬುತ್ತಿದ್ದಂತೆ ಅಂಚು ರಿಮ್ಮಿಗೆ ಕೂತ ಸದ್ದು ಬಂತು, ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಆ ಹುಡುಗನೂ ಕಿವಿ ಕೊಟ್ಟು ಕೇಳಿಸಿಕೊಂಡ.

ಹಳೆಯ ಟೈರುಗಳನ್ನು ಬಿಟ್ಟು ಹೋದರೆ ಒಂದಕ್ಕೆ ಇಷ್ಟು ಎಂದು ಬಿಲ್ಲಿನಲ್ಲಿ ಕಡಿಮೆ ಮಾಡುತ್ತಾರೆ. ಹಿಂದಿನ ಜೋಡಿಯನ್ನು, ಅದರ ಜೊತೆಗೆ 2018ರದೇ ಆದ ಹಳೆಯ ಸ್ಟೆಪ್ನಿಯನ್ನು, ರಬ್ಬರು ಪುಡಿ ಮಾಡಲು ಒಯ್ಯುವವರಿಗೆ ಮಾತ್ರ ಕೊಡಬೇಕೆಂದು ಕೇಳಿಕೊಂಡು ಬಿಟ್ಟೆ. ಉಬ್ಬಿದ್ದನ್ನು ಬಿಡಲಿಲ್ಲ. ಗುಜರಿಯಿಂದ ತೊಳೆದು ಕಪ್ಪು ಹಚ್ಚಿ ಸೆಕೆಂಡ್ ಹ್ಯಾಂಡ್ ಎಂದು ಮಾರಾಟವಾದರೆ, ಬಡವರೊಬ್ಬರ ಗಾಡಿಗೆ ಹೋಗಿ ಕೂರುತ್ತದೆ. ಅದನ್ನು ಚಾಚಾ ಅಂಗಡಿಗೆ ಒಯ್ದೆ. ಅವರು ಚೂಪಾದ ಚಾಕುವಿಗೆ ನೀರು ಹಚ್ಚುತ್ತ ಉಬ್ಬಿನ ಸುತ್ತ ಅಂಗೈಯಗಲ ಕೊಯ್ದು ತೆಗೆದು ನನ್ನ ಕೈಗಿಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ಮುಂದಿನ ಗುರುವಾರ ಆಸ್ಪತ್ರೆಗೆ ಕರೆದುಕೊಂಡು ಬರಲು ಹೋದಾಗ ಆ ತುಂಡನ್ನು ಅಪ್ಪನಿಗೆ ಕೊಟ್ಟೆ. ಅವರು ಹೊಸ ಟೈರುಗಳನ್ನು ಒಂದು ಸುತ್ತು ನೋಡಿ, ಪಕ್ಕೆಗಳನ್ನು ಒತ್ತಿ, ಏನೂ ಹೇಳದೆ ಮುಂದಿನ ಸೀಟಿನಲ್ಲಿ ಕುಳಿತರು. ನಲವಡಿ ಬರುವವರೆಗೂ ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೊಯ್ದ ಅಂಚಿನಲ್ಲಿ ಕಾಣುತ್ತಿದ್ದ ಬಿಳಿಯ ಎಳೆಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸುತ್ತಿದ್ದರು.

"ಒಂಬತ್ತು ಹರಿದಿವೆ" ಅಂದರು.